ಕಾಫಿಗೆ ಟಾರ್ನಾ, ಊಟಕ್ಕೆ ಬ್ರಿಕ್ಸನ್

"ಅಪ್ಪಾ, ಯೂ ಪಿಕ್," ಎಂದಳು ನಿಹಾರಿಕಾ. ಮಧುಕರನ ಶನಿವಾರ ಹಾಳಾಗಿದ್ದು ಇಷ್ಟೇ ಮಾತಿನಿಂದ.

ಹೈಸ್ಕೂಲು ಸೇರುವ ಮಗಳಿಗೆ ಗೇಮಿಂಗ್ ಕಂಪ್ಯೂಟರ್ ಕಟ್ಟಿಕೊಡುತ್ತೇನೆಂದು ಅವನು ಮಾತು ಕೊಟ್ಟದ್ದು ಬೇಸಿಗೆಯಲ್ಲಿ, ಕೈಯಲ್ಲಿ ಕೆಲಸ ಇದ್ದಾಗ. ಅಕ್ಟೋಬರ್ ಹೊತ್ತಿಗೆ ಕೆಲಸ ಹೋಗಿತ್ತು, ಕಂಪ್ಯೂಟರಿನ ಭಾಗಗಳು ಮಾತ್ರ ಒಂದೊಂದಾಗಿ ಮನೆಗೆ ಬಂದು ಸೇರಿದ್ದವು. ಒಂದು ಬದಿಗೆ ಗಾಜು ಕೂರಿಸಿದ ದೊಡ್ಡ ಪೆಟ್ಟಿಗೆ, ಅದರೊಳಗೆ ಬೋರ್ಡು, ಬಣ್ಣಬಣ್ಣದ ದೀಪ, ಎಲ್ಲ ಇತ್ತು. ಬಾಕಿ ಇದ್ದದ್ದು ಗ್ರಾಫಿಕ್ಸ್ ಕಾರ್ಡು. ಆಟದ ಚಿತ್ರಗಳನ್ನು ಪರದೆಯ ಮೇಲೆ ಓಡಿಸುವುದೇ ಅದು. ಅದಿಲ್ಲದೆ ಮಿಕ್ಕದ್ದೆಲ್ಲ ಸೇರಿ ಒಂದು ದುಬಾರಿ ಮೀನಿನ ತೊಟ್ಟಿ ಅಷ್ಟೆ.

ಹುಡುಕಿ ಹುಡುಕಿ ಕೊನೆಗೆ ಎರಡು ಕಾರ್ಡು ಕಣದಲ್ಲಿ ಉಳಿದಿದ್ದವು. ಒಂದು ಟಾರ್ನಾ ಕಂಪನಿಯದು, ಇನ್ನೊಂದು ಬ್ರಿಕ್ಸನ್ ಕಂಪನಿಯದು. ಇದಕ್ಕೂ ಮೂರು ಫ್ಯಾನು, ಅದಕ್ಕೂ ಮೂರು ಫ್ಯಾನು. ಮೆಮೊರಿ ಒಂದೇ, ಉದ್ದ ಒಂದೇ, ಬೆಲೆಯೂ ಹೆಚ್ಚುಕಡಿಮೆ ಒಂದೇ. ಒಂದು ಆಟದಲ್ಲಿ ಇದು ಕೂದಲೆಳೆ ಮುಂದಿದ್ದರೆ ಇನ್ನೊಂದರಲ್ಲಿ ಅದು. ಯೂಟ್ಯೂಬಿನ ಒಬ್ಬ ಪಂಡಿತ ಅರ್ಧ ಗಂಟೆ ಗ್ರಾಫುಗಳನ್ನು ತೋರಿಸಿ, ಕೊನೆಗೆ ನಿಮಗೆ ಯಾವ ಬಣ್ಣ ಇಷ್ಟವೋ ಅದನ್ನೇ ಕೊಳ್ಳಿ ಎಂದು ಕೈ ತೊಳೆದುಕೊಂಡಿದ್ದ.

ಬೇರೆ ಯಾರಾದರೂ ಆಗಿದ್ದರೆ ನಾಣ್ಯ ಚಿಮ್ಮಿ ಮುಗಿಸುತ್ತಿದ್ದರು. ಮಧುಕರನಿಗೆ ಆ ಸುಖ ಇರಲಿಲ್ಲ. ಸಾಂಟಾ ಕ್ಲಾರಾದ ಆ ಅಪಾರ್ಟ್‌ಮೆಂಟಿನಲ್ಲಿ ಅವನ ಮೇಲಿನ ಮನೆಯ ಆನಂದತೀರ್ಥ ಟಾರ್ನಾದಲ್ಲಿದ್ದರು. ಈಜುಕೊಳದಾಚೆಯ ಶಿವರುದ್ರಪ್ಪ ಬ್ರಿಕ್ಸನ್ನಿನಲ್ಲಿದ್ದರು. ಹೇವರ್ಡ್‌ನಲ್ಲಿ ಗೋದಾಮಿನ ರೋಬೋಟುಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದ ಮಧುಕರನ ತಂಡವನ್ನು ಒಂದು ಬೆಳಿಗ್ಗೆ ಇಡಿಯಾಗಿ ಮನೆಗೆ ಕಳಿಸಿದ ಮೇಲೆ, ಈ ಇಬ್ಬರೂ ತಮ್ಮ ತಮ್ಮ ಕಂಪನಿಯಲ್ಲಿ ಅವನ ಹೆಸರು ಹೇಳಿದ್ದರು. ಎರಡು ಕಡೆಯೂ ಒಂದೊಂದು ಕೆಲಸ ಖಾಲಿ ಇತ್ತು. ಎರಡು ಕಡೆಯೂ ಇಂಟರ್‌ವ್ಯೂ ಆಗಿತ್ತು. ಇನ್ನು ಒಳಗಿನವರು ಒಂದು ಒಳ್ಳೆಯ ಮಾತು ಹೇಳಬೇಕು, ಮುಂದಿನ ವಾರ ಎಲ್ಲಿಂದಾದರೂ ಕರೆ ಬರಬೇಕು. ಹೆಂಡತಿ ವಸುಧಾಳ ಡೇಕೇರ್ ಸಂಬಳದಲ್ಲಿ ಮನೆ ಕುಂಟುತ್ತಾ ನಡೆಯುತ್ತಿತ್ತು. ಅವಳು ಒಂದು ದಿನವೂ ಅದರ ಮಾತೆತ್ತಿರಲಿಲ್ಲ, ಅದೇ ಅವನನ್ನು ಹೆಚ್ಚು ಸುಡುತ್ತಿತ್ತು.

ಹೀಗಿರುವಾಗ ಆ ಸಂಜೆಯೇ ಮನೆಯಲ್ಲಿ ಆಯುಧಪೂಜೆ. ಪಂಚಾಂಗದ ಪ್ರಕಾರ ಅದು ವಾರದ ನಡುವೆ ಬಂದಿತ್ತು, ಆದರೆ ಈ ಊರಿನಲ್ಲಿ ಹಬ್ಬಗಳೆಲ್ಲ ಶನಿವಾರಕ್ಕೇ ಬರುವುದು. ಪೂಜೆಗೆ ಇಬ್ಬರನ್ನೂ ಕರೆದಾಗಿತ್ತು, ಆನಂದತೀರ್ಥರನ್ನು ಸಂಜೆ ಕಾಫಿಗೆ, ಶಿವರುದ್ರಪ್ಪನವರನ್ನು ರಾತ್ರಿ ಊಟಕ್ಕೆ. ಹೊಸ ಕಂಪ್ಯೂಟರಿಗೆ ಪೂಜೆ ಎಂದು ನಿಹಾರಿಕಾ ಇಬ್ಬರಿಗೂ ಹೇಳಿಯೂ ಆಗಿತ್ತು.

ಬೆಳಿಗ್ಗೆ ಕಸ ಹಾಕಲು ಹೋದವನು ಮೊದಲು ಸಿಕ್ಕಿಬಿದ್ದದ್ದು ಆನಂದತೀರ್ಥರಿಗೆ.

"ಕಾರ್ಡು ತಗೊಂಡ್ರಾ?" ಎಂದು ಅವರು ಕೇಳಿದರು.

"ಇಲ್ಲ ಸಾರ್, ಇನ್ನೂ ನೋಡ್ತಾ ಇದೀನಿ."

"ನೋಡಿ ಮಧುಕರ್, ನಾನೇನೂ ಹೇಳಲ್ಲ. ನಿಮ್ ಮಗಳು, ನಿಮ್ ಇಷ್ಟ. ಆದ್ರೆ ಟಾರ್ನಾದಲ್ಲಿ ಆ ಮಧ್ಯದ ಫ್ಯಾನ್ ಇದ್ಯಲ್ಲ, ಅದು ಯಾವಾಗ ತಿರುಗ್ಬೇಕು, ಯಾವಾಗ ಸುಮ್ನಿರ್ಬೇಕು ಅಂತ ಹೇಳೋ ಕೋಡು ನಂದು. ಮೂರು ವರ್ಷದ ಕೆಲ್ಸ. ಇಷ್ಟು ಹೇಳ್ತೀನಿ, ಅಷ್ಟೆ."

"ಅಯ್ಯೋ, ಗೊತ್ತು ಸಾರ್."

"ಸಂಜೆ ಕಾಫಿಗೆ ಬರ್ತೀನಿ. ಗಾಜಿನ ಪೆಟ್ಟಿಗೆ ತಾನೆ? ಕಾಣತ್ತೆ ಬಿಡಿ. ಅಂದ್ಹಾಗೆ ಬ್ರಿಕ್ಸನ್ನವ್ರು ಏನೇನು ಕೇಳಿದ್ರು ಅಂತ ಹೇಳಿದ್ರಲ್ಲ ಅವತ್ತು, ಚೆನ್ನಾಗಿತ್ತು. ಹಾಗೆ ಎಲ್ಲಾ ಹೇಳ್ತಾ ಇರಿ, ನನಗೆ ಟಿಪ್ಸ್ ಕೊಡೋಕೆ ಅನುಕೂಲ."

ಮಧುಕರನ ಸ್ವಭಾವವೇ ಹಾಗೆ. ಬ್ರಿಕ್ಸನ್ನಿನ ಇಂಟರ್‌ವ್ಯೂ ಮುಗಿದೊಡನೆ ಆನಂದತೀರ್ಥರಲ್ಲಿಗೆ ಹೋಗಿ, ಟಾರ್ನಾದ್ದು ಮುಗಿದೊಡನೆ ಶಿವರುದ್ರಪ್ಪನವರಲ್ಲಿಗೆ ಹೋಗಿ, ಹೇಗೆ ಉತ್ತರಿಸಬೇಕಿತ್ತು ಎಂದು ಕೇಳಿ ಬರುತ್ತಿದ್ದ. ದೊಡ್ಡವರು, ಅನುಭವಸ್ಥರು, ಹೇಳಿಕೊಟ್ಟಾರು ಎಂಬ ನಂಬಿಕೆ.

ಪಾರ್ಕಿಂಗಿನಲ್ಲಿ ಶಿವರುದ್ರಪ್ಪ ಬಕೆಟ್ಟು ಹಿಡಿದು ಪೂಜೆಗಾಗಿ ಕಾರು ತಿಕ್ಕುತ್ತಿದ್ದರು. ಮಧುಕರ ಕಂಬದ ಮರೆಯಲ್ಲಿ ಜಾರಿಕೊಳ್ಳಲು ನೋಡಿದ. ಆಗಲಿಲ್ಲ.

"ಏನ್ರಿ ಮಧುಕರ, ಯಾಕ ಹಂಗ ಕಳ್ಳಹೆಜ್ಜಿ ಇಡಾಕತ್ತೀರಿ? ಬರ್ರಿ ಇಲ್ಲೆ. ಕಾರ್ಡ್ ಯಾವುದ್ ತರಾವ್ರು?"

"ಎರಡೂ ಒಂದೇ ಥರ ಇವೆ ಸಾರ್."

"ಒಂದ ಥರ?" ಶಿವರುದ್ರಪ್ಪ ಸ್ಪಂಜನ್ನು ಬಕೆಟ್ಟಿಗೆ ಬಿಟ್ಟರು. "ನಾ ಯಾರಿಗೂ ಇದನ್ನ ತೊಗೊ, ಅದನ್ನ ತೊಗೊ ಅನ್ನಾಂವಲ್ಲ. ನನಗ ಏನಾಗಬೇಕಾಗೇದ? ಆದ್ರ ನಮ್ಮ ಮ್ಯಾನೇಜರ್ ಮುಂದ ನಾ ಏನಂತ ಹೇಳೀನಿ ನಿಮಗ ಗೊತ್ತದ ಏನ್ರಿ? ಈ ಮನಷ್ಯಾಗ ಬ್ರಿಕ್ಸನ್ ಅಂದ್ರ ಜೀಂವಾ ಅಂತ ಹೇಳೀನಿ. ನಾಳೆ ನಿಮ್ಮ ಮನ್ಯಾಗ ಟಾರ್ನಾ ಕೂತಿತ್ತಂದ್ರ ನಾ ಯಾವ ಬಾಯಿಲೆ ಮಾತಾಡ್ಲಿ?"

ಮಧುಕರ ಬಾಡಿದ ಮುಖ ಹೊತ್ತು ಮನೆಗೆ ಬಂದ. ಅಡುಗೆಮನೆಯಲ್ಲಿ ವಸುಧಾ ಹೋಳಿಗೆಗೆ ಕಣಕ ನಾದುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

"ಇದಕ್ಕೆ ಇಷ್ಟು ಯೋಚನೆ ಯಾಕ್ರೀ? ಎರಡೂ ತನ್ನಿ. ಕಾಫಿಗೆ ಬಂದೋರಿಗೆ ಟಾರ್ನಾ ತೋರ್ಸೋಣ. ಊಟಕ್ಕೆ ಬಂದೋರಿಗೆ ಬ್ರಿಕ್ಸನ್ ತೋರ್ಸೋಣ. ನಾಳೆ ಒಂದನ್ನ ರಿಟರ್ನ್ ಮಾಡಿದ್ರಾಯ್ತು."

ಈ ದೇಶದಲ್ಲಿ ವಸ್ತುಗಳು ಅಂಗಡಿಗೂ ಮನೆಗೂ ನೆಂಟರ ಹಾಗೆ ಓಡಾಡಿಕೊಂಡಿರುತ್ತವೆ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಇಷ್ಟು ಸುಲಭದ ದಾರಿ ತನಗೆ ಹೊಳೆಯಲಿಲ್ಲವಲ್ಲ ಎಂದು ಮಧುಕರನಿಗೆ ಹೆಂಡತಿಯ ಮೇಲೆ ಹೆಮ್ಮೆಯೂ ತನ್ನ ಮೇಲೆ ಬೇಜಾರೂ ಆಯಿತು. ಮಗಳನ್ನು ಕರೆದುಕೊಂಡು ಹೋಗಿ ಎರಡು ಡಬ್ಬ ತಂದ. "ದೇ ಆರ್ ಲಿಟರಲಿ ದ ಸೇಮ್ ಥಿಂಗ್," ಎಂದು ದಾರಿಯುದ್ದಕ್ಕೂ ನಿಹಾರಿಕಾ ಹೇಳುತ್ತಿದ್ದಳು.

ಮನೆಯಲ್ಲಿ ಎರಡನ್ನೂ ಬಿಚ್ಚಿ, ಪೆಟ್ಟಿಗೆಯಲ್ಲಿ ಕೂರುತ್ತವೆಯೇ ಎಂದು ಒಂದೊಂದಾಗಿ ಇಟ್ಟು ನೋಡಿ, ಟೇಬಲ್ಲಿನ ಮೇಲೆ ಪಕ್ಕಪಕ್ಕ ಮಲಗಿಸಿ ಅವನು ಸ್ನಾನಕ್ಕೆ ಹೋದ. ತಲೆ ಒರೆಸಿಕೊಳ್ಳುತ್ತಾ ಹೊರಗೆ ಬಂದವನು ಹಾಗೇ ನಿಂತುಬಿಟ್ಟ.

ಹಾಸನದಿಂದ ಬಂದಿದ್ದ ಅವನ ಅತ್ತೆ ವೇದವತಮ್ಮ ಮಡಿಸೀರೆಯುಟ್ಟು ಟೇಬಲ್ಲಿನ ಮುಂದೆ ನಿಂತಿದ್ದರು. ಕಾರಿನ ಕೀ, ಮಿಕ್ಸಿ, ಕುಕ್ಕರು, ವ್ಯಾಕ್ಯೂಮ್ ಕ್ಲೀನರು ಎಲ್ಲಕ್ಕೂ ಆಗಲೇ ಬೊಟ್ಟು ಬಿದ್ದಿತ್ತು. ಈಗ ಎರಡು ಕಾರ್ಡುಗಳ ಸರದಿಯೂ ಮುಗಿದಿತ್ತು. ಪ್ರತಿ ಫ್ಯಾನಿನ ನಡುವೆ ನೀರಿನಲ್ಲಿ ಕಲಸಿದ ಗಂಧ, ಅದರ ಮೇಲೆ ಅರಿಶಿನ, ಅದರ ಮೇಲೆ ದುಂಡಗೆ ಕುಂಕುಮ. ಒಂದೆರಡು ಅಕ್ಷತೆಕಾಳು ಫ್ಯಾನಿನ ರೆಕ್ಕೆಗಳ ಸಂದಿಯಲ್ಲಿ ಇಳಿದಿದ್ದವು.

"ಅತ್ತೇ," ಎಂದ ಮಧುಕರ ಮೆಲ್ಲಗೆ, "ಇದ್ರಲ್ಲಿ ಒಂದನ್ನ ಅಂಗಡಿಗೆ ವಾಪಸ್ ಕೊಡ್ಬೇಕಿತ್ತು."

"ಕೊಡಿ ಅಳಿಯಂದ್ರೆ, ಅದಕ್ಕೇನಂತೆ? ಪೂಜೆ ಮಾಡಿದ್ದು ಯಾರ ಮನೇಗ್ ಹೋದ್ರೂ ಒಳ್ಳೇದೇ."

ವಸುಧಾ ಡೇಕೇರಿನಿಂದ ತಂದಿದ್ದ ಬೇಬಿ ವೈಪ್ಸ್‌ನಲ್ಲಿ ಒರೆಸಿ ನೋಡಿದಳು. ಒರೆಸಿದಷ್ಟೂ ಕುಂಕುಮ ಹರಡಿ, ಕಪ್ಪು ಫ್ಯಾನು ನಾಚಿಕೊಂಡಂತೆ ಕೆಂಪಾಯಿತು. ಇನ್ನು ಯಾವ ಅಂಗಡಿಯವನೂ ಇದನ್ನು ಹೊಸದೆಂದು ಒಪ್ಪುವಂತಿರಲಿಲ್ಲ. ಇಬ್ಬರೂ ಮುಖ ಮುಖ ನೋಡಿಕೊಂಡರು. ವಸುಧಾ ಒಂದು ಕ್ಷಣ ಕಣ್ಣು ಮುಚ್ಚಿಕೊಂಡಳು, ಮತ್ತೆ ತೆರೆದು, "ಹೋಗ್ಲಿ ಬಿಡಿ. ಕೆಲ್ಸ ಒಂದು ಸಿಕ್ಕಿದ್ರೆ ಇದೆಲ್ಲಾ ಏನು ಮಹಾ," ಎಂದಳು. ಮಧುಕರನಿಗೆ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು. ಅತ್ತೆ ಇದ್ದದ್ದರಿಂದ ಸುಮ್ಮನಾದ.

ಸಂಜೆ ಟಾರ್ನಾ ಕಾರ್ಡನ್ನು ಪೆಟ್ಟಿಗೆಯೊಳಗೆ ಕೂರಿಸಿ, ಕಾಫಿ ಡಿಕಾಕ್ಷನ್ ಇಳಿಸಿ ಕಾದರು. ಆನಂದತೀರ್ಥರ ಬದಲು ಅವರ ಫೋನು ಬಂತು.

"ಫ್ರೀವೇನಲ್ಲಿ ಸಿಕ್ಕಾಕೊಂಡಿದೀನಿ ಮಧುಕರ್. ಯಾವ್ದೋ ಆಕ್ಸಿಡೆಂಟು, ಒಂದಿಂಚೂ ಅಲ್ಲಾಡ್ತಿಲ್ಲ. ಕಾಫಿ ಆಗಲ್ಲ, ನಾಳೆ ಬರ್ತೀನಿ."

ಸರಿ, ಟಾರ್ನಾ ಹೊರಗೆ, ಬ್ರಿಕ್ಸನ್ ಒಳಗೆ. ನಿಹಾರಿಕಾ ಸ್ಕ್ರೂ ಬಿಚ್ಚುವುದರಲ್ಲಿ ಅಪ್ಪನಿಗಿಂತ ಚುರುಕಾಗಿದ್ದಳು. ತೆಗೆದ ಟಾರ್ನಾವನ್ನು ವಸುಧಾ ಅವನ್‌ನೊಳಗೆ ಬಾಣಲೆಗಳ ನಡುವೆ ಬಚ್ಚಿಟ್ಟಳು. ಆ ಮನೆಯ ಅವನ್ ಎಂದೂ ಬಿಸಿಯಾದದ್ದಲ್ಲ, ಪಾತ್ರೆ ಇಡುವ ಬೀರುವಾಗಿಯೇ ಅದು ಸೇವೆ ಸಲ್ಲಿಸುತ್ತಿತ್ತು. ಯಾವುದಕ್ಕೂ ಇರಲಿ ಎಂದು ಮಧುಕರ ಚೆಂಡುಹೂವಿನ ದಪ್ಪ ಹಾರವೊಂದನ್ನು ಪೆಟ್ಟಿಗೆಯ ಗಾಜಿಗೆ ಅಡ್ಡಲಾಗಿ, ಕಂಪನಿಯ ಹೆಸರು ಮುಚ್ಚುವಂತೆ ಇಳಿಬಿಟ್ಟ.

ಕರೆಗಂಟೆಯಾಯಿತು. ಬಾಗಿಲು ತೆಗೆದರೆ ಶಿವರುದ್ರಪ್ಪ ನಿಂತಿದ್ದರು. ಅವರ ಬೆನ್ನ ಹಿಂದೆ, ಬಾಳೆಹಣ್ಣಿನ ಚೀಲ ಹಿಡಿದು ಆನಂದತೀರ್ಥರೂ ನಿಂತಿದ್ದರು.

"ರೋಡು ಕ್ಲಿಯರ್ ಆಗ್ಬಿಡ್ತು ಕಣ್ರೀ. ಕಾಫಿ ಅಂತೂ ತಪ್ಪಿತು, ಊಟಕ್ಕಾದ್ರೂ ಸಿಗೋಣ ಅಂತ ಬಂದೆ," ಎಂದರು ಆನಂದತೀರ್ಥ.

ಇಬ್ಬರೂ ಸೋಫಾದ ಆ ತುದಿಗೊಬ್ಬರು ಈ ತುದಿಗೊಬ್ಬರು ಕೂತರು. ಹವೆ, ಶಾಲೆ, ಸರಟೋಗಾದ ಮನೆಗಳ ಬೆಲೆ ಎಲ್ಲ ಮಾತಾಡಿದರು. ಆಡುತ್ತಲೇ ಇಬ್ಬರ ಕಣ್ಣೂ ಹೂವಿನ ಹಾರದ ಮೇಲೆ ನೆಟ್ಟಿತ್ತು. ಮಧುಕರ ಯಾರ ಪಕ್ಕವೂ ಕೂರಲಾರದೆ ಗೋಡೆಗೊರಗಿ ನಿಂತ.

"ಎಲ್ಲಿ, ಒಂದ್ಸಲ ಆನ್ ಮಾಡಿ ನೋಡೋಣ," ಎಂದರು ಆನಂದತೀರ್ಥ ಕೊನೆಗೆ.

ಮಧುಕರ ಏನಾದರೊಂದು ನೆಪ ಹುಡುಕುತ್ತಿದ್ದ. ಅಷ್ಟರಲ್ಲಿ ವೇದವತಮ್ಮ ಅಡುಗೆಮನೆಯಿಂದಲೇ ಹೇಳಿದರು. "ಪೂಜೆಗಿಟ್ಟ ಮೇಲೆ ನಾಳೆ ತಂಕ ಮುಟ್ಟಂಗಿಲ್ಲ ಕಣಪ್ಪ. ಆಯುಧಕ್ಕೂ ಒಂದ್ ದಿವ್ಸ ರಜ ಬ್ಯಾಡ್ವೆ?"

ಜನ್ಮದಲ್ಲಿ ಮೊದಲ ಬಾರಿಗೆ ಮಧುಕರನಿಗೆ ಅತ್ತೆಯ ಕಾಲಿಗೆ ಬೀಳಬೇಕೆನ್ನಿಸಿತು.

"ಖರೇ ಅದರಿ," ಎಂದರು ಶಿವರುದ್ರಪ್ಪ. "ಆದ್ರ ನಮ್ಮ ಕಡೆ ಮಂಗಳಾರತಿ ಮಾಡೂಮುಂದ ಗಾಡಿ ಸ್ಟಾರ್ಟ್ ಮಾಡಿ ಇಟ್ಟಿರ್ತೀವಿ. ಟ್ರ್ಯಾಕ್ಟರ್ ಇದ್ರ ಟ್ರ್ಯಾಕ್ಟರ್, ಗಿರಣಿ ಇದ್ರ ಗಿರಣಿ."

"ನಮ್ಮಲ್ಲೂ ಹಾಗೇನೇ," ಎಂದರು ಆನಂದತೀರ್ಥ. ಆ ಸಂಜೆ ಇಬ್ಬರೂ ಒಂದು ವಿಷಯದಲ್ಲಿ ಒಪ್ಪಿದ್ದು ಅದೊಂದೇ.

ವೇದವತಮ್ಮ ಯೋಚಿಸಿದರು. "ಅದೂ ಸರೀನೆ. ನಮ್ಮೂರಲ್ಲೂ ಬಸ್ಸಿಗೆ ಆರತಿ ಎತ್ತೋವಾಗ ಇಂಜಿನ್ ಓಡ್ತಿರುತ್ತೆ. ನಿಹಾ, ಬಟನ್ ಒತ್ತು ಮಗಾ."

ನಿಹಾರಿಕಾ ಅಪ್ಪನ ಮುಖ ನೋಡಿದಳು. ಅಪ್ಪ ಚಾವಣಿ ನೋಡುತ್ತಿದ್ದ. ಅವಳು ಒತ್ತಿದಳು. ಫ್ಯಾನುಗಳು ಗಿರ್ರೆಂದವು, ಗಾಜಿನೊಳಗೆ ಕುಂಕುಮ ಮೋಡವಾಗಿ ಎದ್ದು ಸುತ್ತಿತು, ಅಕ್ಷತೆ ಟಕಟಕ ಸದ್ದು ಮಾಡಿತು. ಆರತಿ ತಟ್ಟೆ ಹಿಡಿದು ಬಂದ ವೇದವತಮ್ಮ, ಮುಖ ಮುಚ್ಚಿಕೊಂಡಿರುವ ದೇವರಿಗೆ ಹೇಗೆ ಆರತಿ ಎತ್ತುವುದು ಎಂದುಕೊಂಡು, ಹೂವಿನ ಹಾರವನ್ನು ಎಡಗೈಯಲ್ಲಿ ಪಕ್ಕಕ್ಕೆ ಸರಿಸಿದರು.

ಬ್ರಿಕ್ಸನ್ ಎಂಬ ಅಕ್ಷರಗಳು ನೀಲಿಯಾಗಿ ಉರಿಯುತ್ತಿದ್ದವು.

ಮಧುಕರ ಆನಂದತೀರ್ಥರ ಕಡೆ ತಿರುಗಲೇ ಇಲ್ಲ. ಟಾರ್ನಾದ ಕೆಲಸ ಹೋಯಿತು ಎಂದುಕೊಂಡ. ಇನ್ನು ಬ್ರಿಕ್ಸನ್ನಾದರೂ ಉಳಿಯಲಿ ಎಂದು ಶಿವರುದ್ರಪ್ಪನವರನ್ನು ನೋಡಿ ನಗಲು ಹೋದರೆ, ಅವರ ಮುಖ ಹುಳಿ ಮಜ್ಜಿಗೆ ಕುಡಿದಂತಾಗಿತ್ತು.

"ಇದನ್ಯಾಕ ತಂದ್ರಿ?" ಎಂದರು ಶಿವರುದ್ರಪ್ಪ.

"ಬಹಳ ಒಳ್ಳೆ ಸೆಲೆಕ್ಷನ್ನು," ಎಂದರು ಆನಂದತೀರ್ಥ. "ಬ್ರಿಕ್ಸನ್ ಮುಂದೆ ಯಾವ್ದೂ ಇಲ್ಲ."

ತನಗೇ ತಲೆ ಕೆಟ್ಟಿತೋ ಅವರಿಬ್ಬರಿಗೆ ಕೆಟ್ಟಿತೋ ಮಧುಕರನಿಗೆ ತಿಳಿಯಲಿಲ್ಲ. ಆರತಿ ಮುಗಿದು ಕೈಗೆ ಹೋಳಿಗೆ ಬಂದ ಮೇಲೆ ಆನಂದತೀರ್ಥರೇ ಬಾಯಿ ಬಿಟ್ಟರು.

"ಮಧುಕರ್, ಸೋಮವಾರದಿಂದ ನಾನು ಬ್ರಿಕ್ಸನ್ ಸೇರ್ತಾ ಇದೀನಿ. ಎಲ್ಲಾ ಪಕ್ಕಾ ಆಗೋವರ್ಗೂ ಹೇಳ್ಬಾರ್ದು ಅಂತ ಸುಮ್ನಿದ್ದೆ."

ಶಿವರುದ್ರಪ್ಪನವರ ಹೋಳಿಗೆ ಬಾಯಿಯ ಹತ್ತಿರವೇ ನಿಂತಿತು. "ಹೌದ್ರೀ? ನಾ ಸೋಮವಾರ ಟಾರ್ನಾ ಸೇರಾಕತ್ತೀನಿ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ನಗತೊಡಗಿದರು. ಬೆಳಿಗ್ಗೆ ಇಬ್ಬರೂ ಹಳೆಯ ಕಂಪನಿಯ ಪರ ವಾದಿಸಿದ್ದು ಅಭ್ಯಾಸಬಲದಿಂದಂತೆ. ಸೋಫಾದ ಎರಡು ತುದಿಗಳಿಂದ ಎದ್ದು ಬಂದು ಕೈ ಕುಲುಕಿದರು. ಮಧುಕರನೂ ನಕ್ಕ. ಇಬ್ಬರಿಗೂ ಎರಡೂ ಕಡೆ ಪರಿಚಯ ಇದ್ದಂತಾಯಿತು, ತನಗೆ ಇನ್ನೂ ಒಳ್ಳೆಯದೇ ಎಂದು ಅವನ ಎದೆ ಹಗುರಾಯಿತು.

"ಹಾಗಾದ್ರೆ ಸಾರ್, ನನ್ನ ರೆಫರಲ್ಲು?"

ಆನಂದತೀರ್ಥ ಹೋಳಿಗೆಯ ಅಂಚನ್ನು ಮುರಿಯುತ್ತಾ ಕೂತರು. "ಅದನ್ನೇ ಹೇಳೋಣ ಅಂತ ಬಂದಿದ್ದು. ಬ್ರಿಕ್ಸನ್ ಕೆಲ್ಸದ ಬಗ್ಗೆ ನೀವು ಅಷ್ಟು ಚೆನ್ನಾಗಿ ಹೇಳಿದ್ರಿ, ಮ್ಯಾನೇಜರ್ ಒಳ್ಳೆಯೋನು, ಮನೆಯಿಂದ್ಲೂ ಮಾಡ್ಬಹುದು ಅಂತ. ಸುಮ್ನೆ ಒಂದ್ಸಲ ನೋಡೋಣ ಅಂತ ಅಪ್ಲೈ ಮಾಡ್ದೆ. ನಿಮಗೆ ಕೇಳಿದ್ದ ಪ್ರಶ್ನೆಗಳನ್ನೇ ನನಗೂ ಕೇಳಿದ್ರು. ಉತ್ತರ ರೆಡಿ ಇತ್ತು."

"ನಂದೂ ಅದ ಕಥಿ," ಎಂದರು ಶಿವರುದ್ರಪ್ಪ ನೆಲ ನೋಡುತ್ತಾ. "ಟಾರ್ನಾದವ್ರು ಕೇಳಿದ್ದು ನೀವು ಹೇಳಿದ್ದ ಬಿಟ್ಟು ಒಂದೂ ಹೆಚ್ಚಿಗಿ ಇರಲಿಲ್ರಿ. ನಿಮ್ಮಿಂದ ಭಾಳ ಉಪಕಾರ ಆತು."

"ಎರಡೂ ಕಡೆ ಒಂದೊಂದೇ ಪೋಸ್ಟ್ ಅಲ್ವಾ ಇದ್ದಿದ್ದು?"

"ಒಂದೊಂದೇ."

ಮಧುಕರ ಮೆಲ್ಲಗೆ ಕುರ್ಚಿಯ ಮೇಲೆ ಕೂತ. "ಹಾಗಾದ್ರೆ ನೀವಿಬ್ರೂ ಬಿಟ್ಟು ಬಂದ ಜಾಗ ಖಾಲಿ ಇರ್ಬೇಕಲ್ಲ?"

"ನಂದು ಕ್ಲೋಸ್ ಮಾಡಿದ್ರು. ಫ್ಯಾನ್ ತಿರುಗ್ಸೋದನ್ನ ಇನ್ಮೇಲೆ ಎಐ ನೋಡ್ಕೊಳತ್ತಂತೆ."

"ನಂದೂ," ಎಂದರು ಶಿವರುದ್ರಪ್ಪ.

ಬಾಗಿಲ ಹತ್ತಿರ ನಿಂತಿದ್ದ ವಸುಧಾ ಸರಕ್ಕನೆ ಒಳಗೆ ಹೋದಳು. ಪಾತ್ರೆಗಳು ಸ್ವಲ್ಪ ಜೋರಾಗಿ ಸದ್ದಾದವು. ವೇದವತಮ್ಮನಿಗೆ ಕಂಪನಿಗಳ ಲೆಕ್ಕ ಅರ್ಥವಾಗಿರಲಿಲ್ಲ, ಇಬ್ಬರಿಗೂ ಹೊಸ ಕೆಲಸ ಎಂಬುದು ಮಾತ್ರ ತಿಳಿದಿತ್ತು. ಇಬ್ಬರೂ ಬಾಗಿ ನಮಸ್ಕಾರ ಮಾಡಿದಾಗ ತಲೆ ಮುಟ್ಟಿ, "ಇರೋ ಜಾಗ್ದಲ್ಲಿ ಗಟ್ಟಿಯಾಗಿ ನಿಂತ್ಕೊಳ್ಳಿ. ನಮ್ಮ ಅಳಿಯಂದ್ರಿಗೂ ಒಂದು ನೋಡ್ರಪ್ಪ," ಎಂದು ತುಂಬು ಮನಸ್ಸಿನಿಂದ ಹರಸಿದರು.

"ಖಂಡಿತ ಅಮ್ಮ," ಎಂದರು ಆನಂದತೀರ್ಥ. ಹೊರಡುವಾಗ ಮಧುಕರನ ಹೆಗಲ ಮೇಲೆ ಕೈಯಿಟ್ಟು ದನಿ ತಗ್ಗಿಸಿದರು. "ಬೇಜಾರ್ ಮಾಡ್ಕೋಬೇಡಿ. ಬ್ರಿಕ್ಸನ್ನಲ್ಲಿ ಮತ್ತೆ ಓಪನಿಂಗ್ ಬರತ್ತೆ. ಬರೋ ಶನಿವಾರ ನನ್ನ ಹೊಸ ಮ್ಯಾನೇಜರನ್ನ ಕಾಫಿಗೆ ಕರ್ಕೊಂಡ್ ಬರ್ತೀನಿ, ಆ ಕಾರ್ಡ್ ನೋಡ್ಲಿ. ಅದನ್ನ ಮಾತ್ರ ತೆಗೀಬೇಡಿ."

ಅವರು ಮೆಟ್ಟಿಲು ಹತ್ತಿದ ಮೇಲೆ, ಚಪ್ಪಲಿ ಹುಡುಕುವ ನೆಪದಲ್ಲಿ ಹಿಂದುಳಿದಿದ್ದ ಶಿವರುದ್ರಪ್ಪ ಹತ್ತಿರ ಬಂದರು.

"ನಿಮ್ಮ ಋಣಾ ನನ್ನ ಮ್ಯಾಲ ಅದರಿ. ಟಾರ್ನಾದ ನಮ್ಮ ಹೊಸಾ ಮ್ಯಾನೇಜರ್‌ಗ ಮನೀ ಊಟ ಅಂದ್ರ ಪ್ರಾಣ. ಬರೂ ಶನಿವಾರ ಕರ್ಕೊಂಡ್ ಬರ್ತೀನಿ. ರಾತ್ರಿ ಅಂವಗ ಆಗೂದಿಲ್ಲ, ಚಾ ಹೊತ್ತಿಗೇ ಬರ್ತೀವಿ. ಅಷ್ಟರಾಗ ಆ ಬ್ರಿಕ್ಸನ್ ಕಿತ್ತು ಒಗದು ಟಾರ್ನಾ ಹಾಕಿಬಿಡ್ರಿ."

ಇಬ್ಬರಿಗೂ ಮಧುಕರ, "ಆಗ್ಲಿ ಸಾರ್," ಎಂದಿದ್ದ. ಇಲ್ಲ ಎನ್ನುವ ಸ್ಥಿತಿಯಲ್ಲಿ ಅವನಿರಲಿಲ್ಲ, ಕೆಲಸ ಕೊಡಿಸಬಲ್ಲವರು ಈಗಲೂ ಅವರಿಬ್ಬರೇ.

ಬಾಗಿಲು ಹಾಕಿ ಬಂದು ಅವನು ಕಂಪ್ಯೂಟರಿನ ಮುಂದೆ ನೆಲದ ಮೇಲೆ ಕೂತ. ಎಲ್ಲವನ್ನೂ ಕೇಳಿಸಿಕೊಂಡಿದ್ದ ನಿಹಾರಿಕಾ ಪಕ್ಕದಲ್ಲಿ ಬಂದು ಕೂತು ಅಪ್ಪನ ತೋಳಿಗೆ ತಲೆಯೊರಗಿಸಿದಳು. ಅವಳು ಹೀಗೆ ಕೂತು ಬಹಳ ದಿನವಾಗಿತ್ತು.

"ಸೋ ದೇ ಆರ್ ಬೋತ್ ಕಮಿಂಗ್ ಅಟ್ ದ ಸೇಮ್ ಟೈಮ್?"

"ಹೂಂ."

"ಕ್ಯಾನ್ಟ್ ವೀ ಜಸ್ಟ್ ಪುಟ್ ಬೋತ್ ಇನ್, ಅಪ್ಪಾ?"

ಮಧುಕರ ಗಾಜಿನೊಳಗೆ ನೋಡಿದ. ಕುಂಕುಮದ ಧೂಳು ಇನ್ನೂ ಇಳಿದಿರಲಿಲ್ಲ.

"ಆಗಲ್ಲ ಪುಟ್ಟಾ," ಎಂದ. "ಇರೋದು ಒಂದೇ ಜಾಗ."